ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ

ನಮ್ಮ ಕನ್ನಡಕದ ಅಂಗಡಿಯಲ್ಲಿದ್ದ ಇಬ್ಬರು ಒಳ್ಳೆಯ ಕೆಲಸಗಾರರನ್ನೂ ಎದುರಿನ ಹೊಸ ಅಂಗಡಿಯವರು ಎಗರಿಸಿಕೊಂಡು ಹೋದರು. ಅಲ್ಲಿ ಹೆಚ್ಚು ಸಂಬಳ, ವಾರಕ್ಕೊಂದು ರಜೆ, ಕೂರಲು ಕುರ್ಚಿ. ಮಾವನ ಪ್ರಕಾರ ಇದೆಲ್ಲ ಜನರನ್ನು ಕೆಡಿಸುವ ವ್ಯವಹಾರ. "ಕುರ್ಚಿ ಕೊಟ್ರೆ ಕೂತ್ಕೋತಾರಮ್ಮ!" ಎಂದು ಅವರು ಕುರ್ಚಿಯಲ್ಲಿ ಕೂತು ಹೇಳಿದರು.

ಜನ ಸಿಗುವುದು ಅವರಿಗಿಂತ ನನಗೆ ಹೆಚ್ಚು ಬೇಕಿತ್ತು. ಅಮ್ಮನ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ಆಪರೇಷನ್ ಆದಮೇಲೆ ಒಂದು ವಾರ ಜೊತೆಗಿರಲು ನನ್ನನ್ನು ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಕೇಳಿದಾಗಲೆಲ್ಲ ಮಾವ, "ಹೋಗಮ್ಮ, ಬೇಡ ಅಂದೋರ್ಯಾರು? ಒಬ್ಬರು ಒಳ್ಳೆಯವರು ಸಿಗಲಿ" ಎನ್ನುತ್ತಿದ್ದರು. ಕಂಡವರ ಕನ್ನಡಕಕ್ಕೆಲ್ಲ ಗಾಜು ಕೂರಿಸುತ್ತಿದ್ದ ನನಗೆ ಹೆತ್ತವಳ ಕಣ್ಣಿನ ಸರದಿ ಮಾತ್ರ ಬರುತ್ತಲೇ ಇರಲಿಲ್ಲ.

ಸಂಬಳ ಏರಿಸದೆ ಪ್ರತಿಭಾವಂತರನ್ನು ಸೆಳೆಯುವುದು ಹೇಗೆಂದು ಮಾವ ತಲೆ ಕೆಡಿಸಿಕೊಂಡರು. ಕೊನೆಗೆ ಬಾಗಿಲಿಗೆ ಬೋರ್ಡು ಬಂತು: ಲೆನ್ಸ್ ಕೂರಿಸಲು, ಗಿರಾಕಿಗಳನ್ನು ಸಂಭಾಳಿಸಲು, ಬಿಲ್ಲು ಬರೆಯಲು, ಕಸ ಗುಡಿಸಲು ನಗುಮುಖದ ಅನುಭವಿಗಳು ಬೇಕು. ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ. ಕೊನೆಯ ಸಾಲನ್ನು ಕೆಂಪಕ್ಷರದಲ್ಲಿ ಬರೆಸಿದ್ದರು. ಸಂಬಳದ ವಿಷಯಕ್ಕೆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲ, ಪಾಪ. ನನ್ನ ಗಂಡ ಓದಿ ತಲೆಯಾಡಿಸಿದರು. ಅಂಗಡಿಯಲ್ಲಿ ಅವರ ಹುದ್ದೆಯೇ ಅದು.

ಬಂದವರು ಮೊದಲು ಸಂಬಳ ಕೇಳಿದರು. ಮಾವ ಅವರಿಗೆ ದುಡ್ಡಿನ ಹಪಾಹಪಿ ಎಂದು ಸಾಗಹಾಕಿದರು. ಆಮೇಲೊಬ್ಬಳು ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಮಾತಾಡುತ್ತಲೇ ಮೇಜಿನ ಮೇಲಿದ್ದ ಸೊಟ್ಟ ಫ್ರೇಮೊಂದನ್ನು ಎತ್ತಿಕೊಂಡು, ಕಿವಿಗೆ ಸಿಕ್ಕಿಸುವ ಕಡ್ಡಿಯನ್ನು ಹೀಟರಿನ ಬಿಸಿಗೆ ಹಿಡಿದು, ಹದವಾಗಿ ಬಾಗಿಸಿ, ನೆಟ್ಟಗೆ ಮಾಡಿಟ್ಟಳು. ನನಗೆ ಅವಳನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಮನಸ್ಸಿನಲ್ಲೇ ಸೀರೆ ಮಡಚಿ ಬ್ಯಾಗಿಗೆ ತುಂಬಿದೆ.

"ಮನೆಯವರ ಹಾಗೆ ಅಂದ್ರೆ ಹೇಗೆ ಸರ್?" ಎಂದು ಅವಳು ಕೇಳಿದಳು.

ಮಾವ ಅರಳಿದರು. "ಇಗೋ, ನಮ್ಮ ಸೊಸೇನೇ ನೋಡಿ. ಮದುವೆಯಾಗಿ ಬಂದಾಗಿಂದ ಇಲ್ಲೇ. ಒಂದು ದಿನ ರಜೆ ತಗೊಂಡೋಳಲ್ಲ, ಸಂಬಳ ಅಂತ ಬಾಯಿ ಬಿಟ್ಟೋಳಲ್ಲ. ಊಟಾನೂ ನಿಂತ್ಕೊಂಡೇ ಮುಗಿಸ್ತಾಳೆ!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನನ್ನ ಹೊರಗಿನವಳ ಹಾಗೇ ನೋಡ್ಕೊಳ್ಳೋದಾದ್ರೆ ಬರ್ತೀನಿ ಸರ್."

"ಛೆ ಛೆ, ಆ ಥರ ಭೇದಭಾವ ನಮ್ಮಲ್ಲಿಲ್ಲಮ್ಮ!"

ಅವಳು ಎದ್ದು ನೆಟ್ಟಗೆ ರಸ್ತೆ ದಾಟಿದಳು. ಎದುರಿನವರು ಬಾಗಿಲು ತೆರೆದು ಒಳಗೆ ಕರೆದುಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅವಳು ಬಿಟ್ಟು ಹೋದ ಕುರ್ಚಿಯಲ್ಲಿ ಕೂತುಬಿಟ್ಟೆ.

"ಮುಂದಿನವಳು ನಾನು, ಮಾವ. ನನ್ನನ್ನೂ ಕೇಳಿ."

ಮಾವನಿಗೆ ತಮಾಷೆ ಅನ್ನಿಸಿತು. ಮಗನ ಕಡೆ ಕಣ್ಣು ಮಿಟುಕಿಸಿ ಗಂಟಲು ಸರಿಮಾಡಿಕೊಂಡರು. "ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?" ಅವರ ಬಾಯಲ್ಲಿ ನನಗೆ ಬಹುವಚನ ಬಂದದ್ದು ಅದೇ ಮೊದಲು.

"ಒಂದು ಕನ್ನಡಕದ ಅಂಗಡೀಲಿ."

"ಸಂಬಳ ಎಷ್ಟು ಕೊಡ್ತಿದ್ರು?"

"ಏನೂ ಇಲ್ಲ."

"ರಜೆ?"

"ಅದೂ ಇಲ್ಲ. ತಾಯಿ ಕಣ್ಣಿನ ಆಪರೇಷನ್‌ಗೂ ಕೊಡ್ಲಿಲ್ಲ."

"ಅಯ್ಯೋ, ಅಂಥಾ ಕಡೆ ಯಾಕ್ರೀ ಬಿದ್ದಿದ್ರಿ ಇಷ್ಟು ದಿನ?" ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಮನೆಯವರ ಹಾಗೆ ನೋಡ್ಕೋತಿದ್ರು."

ನಗು ಅಲ್ಲಿಗೇ ನಿಂತಿತು. ಕೂತಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡು, ಬರುತ್ತಿದ್ದೇನೆ ಎಂದೆ. ವಾಪಸ್ಸು ಯಾವಾಗ ಎಂದು ಮಾವ ಕೇಳಲಿಲ್ಲ. ಕೇಳಿದ್ದರೆ, ಎದುರಿನ ಅಂಗಡಿಯವರು ಎಷ್ಟು ಕೊಡುತ್ತಾರೋ ವಿಚಾರಿಸಿ ತಿಳಿಸುತ್ತೇನೆ ಎನ್ನುತ್ತಿದ್ದೆ.