ಕೂದಲು ಉದುರುವ ಮೂಲೆ

ನನ್ನ ಅಪ್ಪ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಹಸಿ ಚರ್ಮದಿಂದ ಕೂದಲು ತೆಗೆಯುವ ವಿಭಾಗ ಅವರದು. ಸುಣ್ಣದ ಜೊತೆ ಒಂದು ಘಾಟು ರಾಸಾಯನಿಕ ಬೆರೆಸಿದ ನೀರಿನಲ್ಲಿ ಚರ್ಮ ನೆನೆಸುತ್ತಾರೆ. ಕೂದಲೇನೋ ಹೋಗುತ್ತದೆ, ಜೊತೆಗೆ ಗವಸು ತೊಟ್ಟರೂ ಕೆಲಸಗಾರರ ಕೈಚರ್ಮವೂ ಹೋಗುತ್ತದೆ. ಊಟಕ್ಕೆ ಕೂತಾಗ ಬೆರಳಿನ ಬಿರುಕಿಗೆ ಉಪ್ಪು ಖಾರ ತಾಗಿ ಅಪ್ಪ ಹಲ್ಲು ಕಚ್ಚುತ್ತಾರೆ. ಆಮೇಲೆ "ಏನಿಲ್ಲ ಬಿಡಿ" ಎಂದು ನಮಗೇ ಸಮಾಧಾನ ಹೇಳುತ್ತಾರೆ.

ಅದಕ್ಕೇ ನಾನು ಪ್ರಯೋಗಾಲಯ ಸೇರಿ ಮಣ್ಣು ಜಾಲಾಡುವ ಕೆಲಸ ಹಿಡಿದದ್ದು. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಕೂದಲಿನ ಬುಡ ಸಡಿಲಿಸುವ ಕಿಣ್ವ ತಯಾರಿಸುತ್ತವೆ. ಅಂಥದ್ದೊಂದು, ಅದೂ ಸುಣ್ಣಕ್ಕೆ ಸಾಯದಂಥದ್ದು ಸಿಕ್ಕರೆ ಆ ಘಾಟು ಬೇಕಿಲ್ಲ. ಎರಡು ವರ್ಷದಲ್ಲಿ ಮುನ್ನೂರ ಹನ್ನೊಂದು ಕಡೆಯ ಮಣ್ಣು ತಂದೆ. ಬಹಳಷ್ಟರಲ್ಲಿ ಅಂಥ ಬ್ಯಾಕ್ಟೀರಿಯಾ ಇರಲಿಲ್ಲ, ಇದ್ದವು ಸುಣ್ಣ ಕಂಡೊಡನೆ ಸತ್ತವು.

"ಈ ತಿಂಗಳು ಮುಗೀಲಿ, ಆಮೇಲೆ ಈ ಹುಚ್ಚು ಬಿಟ್ಟು ನೀರು ಪರೀಕ್ಷೆ ವಿಭಾಗಕ್ಕೆ ಬನ್ನಿ," ಎಂದುಬಿಟ್ಟರು ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ.

ಆ ವಾರವೇ ಒಂದು ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತ ಗೊಣಗಿದರು: "ಉಗ್ರಾಣದ ಆ ಹಾಳು ಮೂಲೆಲಿ ಮತ್ತೆರಡು ಚರ್ಮ ಕೆಟ್ಟೋಯ್ತು. ಅಲ್ಲಿ ಇಟ್ರೆ ಸಾಕು, ಕೊಳೆಯೋಕೆ ಶುರುವಾಗಿ ಕೂದಲು ತಾನಾಗೇ ಉದುರುತ್ತೆ."

ನನ್ನ ಲೋಟ ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಎಷ್ಟು ದಿನದಿಂದ ಹೀಗೆ?"

"ನಾನು ಕೆಲಸಕ್ಕೆ ಸೇರಿದಾಗಿಂದ."

"ನಂಗ್ಯಾಕೆ ಹೇಳ್ಲಿಲ್ಲ ಅಪ್ಪಾ?"

"ಕೆಟ್ಟೋಗಿದ್ದನ್ನ ಮಗಳ ಹತ್ರ ಯಾರಾದ್ರೂ ಹೇಳ್ಕೋತಾರಾ?"

"ಊರೆಲ್ಲ ಅಗೆದ್ಲು, ಮನೇಲಿ ಒಂದು ಮಾತು ಕೇಳ್ಲಿಲ್ಲ," ಎಂದು ಅಮ್ಮ ಬಿದ್ದು ಬಿದ್ದು ನಕ್ಕಳು.

ಮರುದಿನ ಡಬ್ಬಿ, ಚಮಚ ಹಿಡಿದು ಉಗ್ರಾಣಕ್ಕೆ ಹೋದೆ. ಮೂಲೆ ಫಳಫಳ ಎನ್ನುತ್ತಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಮಗಳು ಮೊದಲ ಸಲ ಕಾರ್ಖಾನೆಗೆ ಬರುತ್ತಾಳೆಂದು ಅಪ್ಪ ಮುಂಚೆಯೇ ಬಂದು, ನಾಲ್ಕು ಬೆರಳು ದಪ್ಪ ಕೂತಿದ್ದ ಮಣ್ಣು ಕೆರೆದು ತೆಗೆದು, ಕೆಳಗಿನ ಕಲ್ಲುಹಾಸು ಉಜ್ಜಿ ತೊಳೆದಿದ್ದರು.

"ಗಲೀಜಿತ್ತು ಕಣಮ್ಮ. ವಿಜ್ಞಾನಿ ಬರ್ತಾಳೆ ಅಂತ ಎಲ್ರಿಗೂ ಹೇಳಿದ್ದೆ."

"ನಂಗೆ ಬೇಕಾಗಿದ್ದೇ ಆ ಗಲೀಜು!" ನನಗೆ ಸಿಟ್ಟು ನೆತ್ತಿಗೇರಿತ್ತು. ಅವರ ಮುಖ ಸಣ್ಣದಾಯಿತು. ಹಾಗೆ ಕಿರುಚಿದ್ದಕ್ಕೆ ನನಗೇ ನಾಚಿಕೆಯಾಯಿತು.

"ಹೋಗ್ಲಿ, ಆ ಮಣ್ಣು ಎಲ್ಲಿ ಹಾಕಿದ್ರಿ?"

"ಹಿಂದೆ. ಸುಣ್ಣದ ಗುಂಡೀಲಿ."

ಮುಗಿಯಿತು ಕಥೆ ಎಂದುಕೊಂಡೆ. ಆದರೂ ಅಪ್ಪನ ಮನಸ್ಸು ನೋಯದಿರಲಿ ಎಂದು ಗುಂಡಿಯಿಂದ ಎರಡು ಚಮಚ ತುಂಬಿಕೊಂಡೆ. "ಇಷ್ಟು ಸಾಕು," ಎಂದು ಸುಳ್ಳೂ ಹೇಳಿದೆ.

ಬ್ಯಾಕ್ಟೀರಿಯಾ ಬೆಳೆಸಲು ಹಾಲು ಬೆರೆಸಿದ ಲೋಳೆ ಹರಡಿದ ಗಾಜಿನ ತಟ್ಟೆಗಳ ಮೇಲೆ ಆ ಮಣ್ಣಿನ ನೀರು ಸವರಿಟ್ಟೆ. ಮೂರನೆಯ ದಿನ ತೆಗೆದರೆ ಎಲ್ಲವೂ ಬೆಳ್ಳಗೆ ಖಾಲಿ. ಕೊನೆಯದರ ಅಂಚಿನಲ್ಲಿ ಮಾತ್ರ ಸಾಸಿವೆಯಷ್ಟು ಒಂದು ಚುಕ್ಕೆ ಬೆಳೆದಿತ್ತು. ಅದರ ಸುತ್ತ ಹಾಲಿನ ಬಿಳುಪು ಕರಗಿ ತಿಳಿಯಾದ ಉಂಗುರ. ಕಿಣ್ವ ಇದೆ ಎನ್ನಲು ಅದೇ ಗುರುತು. ಸುಣ್ಣ ಮಿಕ್ಕವನ್ನೆಲ್ಲ ಕೊಂದು, ನನಗೆ ಬೇಕಾದ ಗಟ್ಟಿಪಿಂಡವೊಂದನ್ನೇ ಉಳಿಸಿತ್ತು. ಎರಡು ವರ್ಷ ನನ್ನಿಂದ ಆಗದ್ದನ್ನು ಅಪ್ಪನ ಗುದ್ದಲಿ ಒಂದೇ ಬೆಳಿಗ್ಗೆ ಮಾಡಿತ್ತು. ಖುಷಿಗೆ ಕುಣಿದಾಡಿದೆ, ಮುಖ್ಯಸ್ಥೆಯ ಎದುರೇ.

ಅದನ್ನು ಬೆಳೆಸಿ, ಕಿಣ್ವ ತೆಗೆದು, ಚೂರೇ ಚೂರು ಸುಣ್ಣದ ಜೊತೆ ಒಂದು ತುಂಡು ಹಸಿ ಚರ್ಮ ನೆನೆಸಿದೆ. ಘಾಟು ರಾಸಾಯನಿಕ ಒಂದು ಹನಿಯೂ ಹಾಕಲಿಲ್ಲ. ತಿಂಗಳ ಕೊನೆಯ ದಿನ ಚರ್ಮ ತೊಳೆದು ಕಾರ್ಖಾನೆಗೆ ಒಯ್ದೆ. ಅಪ್ಪ ಅಭ್ಯಾಸಬಲದಿಂದ ಕೈಗವಸು ಎಳೆದುಕೊಂಡರು.

"ಬೇಡ ಅಪ್ಪಾ. ಬರಿಗೈಲಿ ಮುಟ್ಟಿ."

ನನ್ನ ಮುಖ ನೋಡಿದರು, ಚರ್ಮ ನೋಡಿದರು, ಗವಸು ಬಿಚ್ಚಿದರು. ಬಿರುಕುಬಿಟ್ಟ ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರು. ಕೂದಲು ಹಿಡಿಹಿಡಿಯಾಗಿ ಜಾರಿತು. ಹೆಬ್ಬೆರಳು ಎತ್ತಿಹಿಡಿದು ಉರಿ ಬರುತ್ತದೆಂದು ಕಾದರು. ಬರಲಿಲ್ಲ.

ಅಪ್ಪನ ಕಣ್ಣು ತುಂಬಿತು. ಒಳಗೆ ಕೆಲಸ ಮಾಡುತ್ತಿದ್ದವರನ್ನು ಕೂಗಿದರು.

"ಬನ್ರಪ್ಪಾ ಎಲ್ರೂ! ಗವಸು ಅಲ್ಲೇ ಬಿಸಾಕಿ ಬನ್ನಿ!"