ಏಳು ಕೆಂಪು ಚುಕ್ಕಿ

"ಆ ಏಳು ಚುಕ್ಕಿ ತೆಗೆದ್ಬಿಡಿ ಸುಮನಾ. ಯಾರೋ ಊರಿನ ಹೆಸರು ತಪ್ಪಾಗಿ ಟೈಪ್ ಮಾಡಿದಾರೆ," ಎಂದರು ಅವಳ ಪಿಎಚ್‌ಡಿ ಗೈಡ್ ಸೋಮಶೇಖರ್, ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿ. "ಸೋಮವಾರ ಕಮಿಟಿ ಮುಂದೆ ಹಿಂಗೇ ಇಟ್ರೆ ನಿಮ್ಮ ವಾದವೇ ಬಿದ್ದೋಗುತ್ತೆ."

ಹತ್ತು ವರ್ಷದ ಹಿಂದೆ ಜಾನಪದ ವಿಭಾಗದವರು ಹಳ್ಳಿ ಹೆಂಗಸರಿಂದ ರೆಕಾರ್ಡ್ ಮಾಡಿ, ಬರೆಸಿಟ್ಟ ಎರಡು ಸಾವಿರ ಹಾಡುಗಳು. ಪರದೆಯ ಮೇಲೆ ಒಂದು ಹಾಡಿಗೊಂದು ಚುಕ್ಕಿ. ಪದಗಳು ಹೋಲುವ ಹಾಡುಗಳು ಅಕ್ಕಪಕ್ಕ. ಗುಬ್ಬಿಯವು ನೀಲಿ, ಕುಣಿಗಲ್ಲಿನವು ಕೆಂಪು. ಎರಡೂ ಬೇರೆಬೇರೆ ಗುಂಪಾಗಿದ್ದವು; ಸೀಮೆ ಬದಲಾದರೆ ಹಾಡೂ ಬದಲಾಗುತ್ತದೆ ಎಂಬುದೇ ಸುಮನಾಳ ವಾದ. ಕುಣಿಗಲ್ ಕಡೆಯ ಹುತ್ರಿದುರ್ಗದ ದೊಡ್ಡಗಂಗಮ್ಮನ ಏಳು ಹಾಡು ಮಾತ್ರ ನೀಲಿಯ ನಡುವೆ ಹೋಗಿ ಕೂತಿದ್ದವು.

ಅಳಿಸಲು ಸುಮನಾಗೆ ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆಯೇ ತುಮಕೂರಿನಿಂದ ಬಸ್ಸು ಹತ್ತಿದಳು.

ದೊಡ್ಡಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸುಮನಾ ಲ್ಯಾಪ್‌ಟಾಪ್ ತೆರೆದು ಚುಕ್ಕಿಗಳನ್ನು ತೋರಿಸಿ, ಊರಿನ ಹೆಸರು ತಪ್ಪಾಗಿದೆಯೇ ಎಂದು ಕೇಳಿದಳು. "ತಪ್ಪೇನಿಲ್ಲ ಕಣವ್ವ. ನಾನು ಹುಟ್ಟಿದ್ದು ಗುಬ್ಬಿ ಸೀಮೇಲಿ. ಇಲ್ಗೆ ಕೊಟ್ರು. ಹಾಡೆಲ್ಲ ನಮ್ಮವ್ವಂದು," ಎಂದು ನಕ್ಕರು. ಆಮೇಲೆ ಪರದೆಯತ್ತ ಬಗ್ಗಿ, "ನನ್ನ ಚುಕ್ಕಿಗೆ ಅಂಟ್ಕೊಂಡಿರೋ ಇದ್ಯಾರ್ದು?" ಎಂದರು.

ಸುಮನಾ ಒತ್ತಿ ನೋಡಿದಳು. "ಚಿಕ್ಕಗಂಗಮ್ಮ ಅಂತ ಅಜ್ಜಿ."

ಸುಲಿಯುವ ಕೈ ನಿಂತಿತು.

"ಬದುಕವ್ಳಾ?"

"ಇದಾರೆ. ಹೋದ ತಿಂಗಳು ಫೋನಲ್ಲಿ ಮಾತಾಡಿದ್ದೆ. ಯಾಕಜ್ಜಿ?"

"ನನ್ ತಂಗಿ. ಅವ್ವ ಸತ್ತಾಗ ನಂಗೆ ಹೇಳಿ ಕಳಿಸ್ನಿಲ್ಲ ಅವ್ಳು. ಮಣ್ಣಿಗೂ ಹೋಗಾಕಾಗ್ನಿಲ್ಲ. ಇಪ್ಪತ್ತೆರಡು ವರ್ಸ ಆಯ್ತು, ಮಾತಿಲ್ಲ." ಲ್ಯಾಪ್‌ಟಾಪಿನತ್ತ ಬೆರಳು ಮಾಡಿ ಕೇಳಿದರು, "ಅದ್ರಲ್ಲಿ ಅವ್ಳ ದನಿ ಐತಾ?"

ಸುಮನಾ ಇದುವರೆಗೆ ಬರೆದಿಟ್ಟ ಸಾಲುಗಳನ್ನಷ್ಟೇ ಓದಿದ್ದಳು, ರೆಕಾರ್ಡಿನ ದನಿಯನ್ನು ಕೇಳಿರಲಿಲ್ಲ. ಫೈಲು ಹುಡುಕಿ ಹಾಕಿದಳು. ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಹೇಳುವ ಹಾಡು. ಮೂರನೆಯ ನುಡಿಗೆ ದನಿ ತಡವರಿಸಿ ನಿಂತಿತು. ಬರಹದಲ್ಲೂ ಹಾಡು ಅಲ್ಲಿಗೇ ಮುಗಿದಿತ್ತು. ರೆಕಾರ್ಡಿನಲ್ಲಿ ಮಾತು ಮುಂದುವರಿಯಿತು: "ಮುಂದುಕ್ಕೆ ಮರ್ತೋಯ್ತು ಕಣಪ್ಪ. ಅಕ್ಕ ಇದ್ದಿದ್ರೆ ಎತ್ಕೊಡೋಳು."

ಸುಮನಾ ಮುಖ ತಗ್ಗಿಸಿದಳು. ಈ ಸಾಲನ್ನು ಯಾರೂ ಬರೆದುಕೊಂಡಿರಲಿಲ್ಲ.

ದೊಡ್ಡಗಂಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನು ಹೇಳಿದ್ರೆ ಅವ್ಳಿಗೆ ಕೇಳುಸ್ತಿಯೇನವ್ವಾ?"

"ಇವತ್ತೇ ಕೇಳಿಸ್ತೀನಿ ಅಜ್ಜಿ." ಸುಮನಾ ಮೊಬೈಲಿನ ರೆಕಾರ್ಡರ್ ಒತ್ತಿ ಹಿಡಿದಳು.

ಮುದುಕಿ ಮೊಬೈಲಿನತ್ತ ನೋಡಲಿಲ್ಲ. ಪರದೆಯ ಮೇಲಿನ ತಂಗಿಯ ನೀಲಿ ಚುಕ್ಕಿಯತ್ತ ಬಾಗಿ, ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡೇ, ನಾಲ್ಕನೆಯ ನುಡಿ ಎತ್ತಿಕೊಂಡರು.