ಕೆಂಪು ತಟ್ಟೆ

ಡೇಕೇರಿನ ಅಡುಗೆಮನೆಯಲ್ಲಿ ಒಲೆಯ ಮೇಲೆ ದಿನವೂ ಎರಡು ಪಾತ್ರೆ. ದೊಡ್ಡದು ಹತ್ತೊಂಬತ್ತು ಮಕ್ಕಳಿಗೆ, ಸಣ್ಣದು ಇಲಿಮರಿಯೊಬ್ಬನಿಗೆ. ಹಲ್ಲಿನ ತುದಿಯಲ್ಲಿ ಮೆಲ್ಲಗೆ ಕಡಿಯುತ್ತ ತಿನ್ನುವುದರಿಂದ ಆ ಅಡ್ಡಹೆಸರು ಬಂದ ನಾಲ್ಕು ವರ್ಷದ ಹುಡುಗನಿಗೆ ಹಾಲು, ಬೆಣ್ಣೆ, ಮೊಸರು ಯಾವುದೂ ಆಗದು. ತುಟಿ ಊದಿಕೊಳ್ಳುತ್ತದೆ. ಒಮ್ಮೆ ಉಸಿರೇ ಸಿಕ್ಕಿಕೊಂಡು ಎರಡು ದಿನ ಆಸ್ಪತ್ರೆಯಲ್ಲಿದ್ದ. ಅದಕ್ಕೇ ಅವನಿಗೊಂದು ಕೆಂಪು ತಟ್ಟೆ. ಉಳಿದವರಿಗೆಲ್ಲ ನೀಲಿ.

ಆ ದಿನ ಸಿಹಿಗುಂಬಳ ಬೇಯಿಸಿ ಮಸೆದದ್ದು. ದೊಡ್ಡ ಪಾತ್ರೆಗೆ ಬೆಣ್ಣೆ, ಸಣ್ಣದಕ್ಕೆ ಎಣ್ಣೆ. ಎರಡರ ಬಣ್ಣದಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ನೋಡಿಕೊಳ್ಳುವುದು ಅಡುಗೆಯ ಅಜ್ಜಿಯ ಹೆಮ್ಮೆ. ಹಿಂದೊಮ್ಮೆ ಇಲಿಮರಿ “ನಂದ್ಯಾಕೆ ಬೇರೆ?” ಎಂದು ಅತ್ತಿದ್ದ.

ಬಡಿಸಿ ಒಳಗೆ ಹೋಗಿ ನೀರಿನ ಜಗ್ಗು ತರುವಷ್ಟರಲ್ಲಿ ಕೆಂಪು ತಟ್ಟೆ ಪಟಾಕಿಯ ಮುಂದಿತ್ತು. ಪಟಾಕಿ ಎಂದರೆ ಪಕ್ಕದ ಕುರ್ಚಿಯ ಹುಡುಗಿ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ. ಆ ತಟ್ಟೆಯಲ್ಲಿ ಅರ್ಧ ಕುಂಬಳ ಹಾಗೇ ಇತ್ತು. ಇಲಿಮರಿಯ ಮುಂದೆ ನೀಲಿ ತಟ್ಟೆ, ನೆಕ್ಕಿಟ್ಟಂತೆ ಖಾಲಿ.

ಅಜ್ಜಿ ಜಗ್ಗು ಕುಕ್ಕಿ ಕಿರುಚಿದಳು. “ಯಾರು ತಟ್ಟೆ ಬದಲಾಯಿಸಿದ್ದು?”

ಇಪ್ಪತ್ತು ಚಮಚಗಳು ಗಕ್ಕನೆ ನಿಂತವು. ಪಟಾಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಡೇಕೇರ್ ನಡೆಸುವ ಮೇಡಂ ಓಡಿಬಂದರು. “ಏನಜ್ಜಿ, ಏನಾಯ್ತು?”

“ಬೆಣ್ಣೆದು ತಿಂದ್ಬಿಟ್ನೇನೋ ಮೇಡಂ. ನೋಡಿ, ಒಂದು ಚೂರೂ ಬಿಟ್ಟಿಲ್ಲ.”

“ಅಯ್ಯೋ, ತುಟಿ ನೋಡ್ತಾ ಇರಿ!” ಮೇಡಂ ಬೀರುವಿನಿಂದ ಔಷಧಿ ತೆಗೆದಿಟ್ಟುಕೊಂಡು ಅವನ ತಾಯಿಗೆ ಫೋನ್ ಹಚ್ಚಿದರು. “ಇನ್ನೂ ಏನೂ ಆಗಿಲ್ಲಮ್ಮ, ಗಾಬರಿ ಆಗ್ಬೇಡಿ” ಎನ್ನುವ ಅವರ ದನಿಯೇ ನಡುಗುತ್ತಿತ್ತು.

ಅಜ್ಜಿ ಕೆಂಪು ತಟ್ಟೆಯದನ್ನು ನಾಲಿಗೆಗೆ ಹಚ್ಚಿ ನೋಡಿದಳು. ಎಣ್ಣೆಯದೇ. ಆದರೆ ಖಾಲಿ ತಟ್ಟೆಯನ್ನು ಕೇಳುವುದು ಹೇಗೆ? ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಹುಡುಗನ ತುಟಿ, ಗಡಿಯಾರ, ಮತ್ತೆ ತುಟಿ. ಅವನ ಕಿವಿ ಮೊದಲಿನಿಂದಲೂ ಇಷ್ಟು ಕೆಂಪಗಿತ್ತೇ? ಏನು ಕೇಳಿದರೂ ಅವನು ತಲೆ ಎತ್ತಲಿಲ್ಲ. ಅವಳು ಕಿರುಚಿದ್ದಕ್ಕೇ ಮಕ್ಕಳ ಬಾಯಿ ಕಟ್ಟಿಹೋಗಿತ್ತು.

ಕೊನೆಗೆ ಆ ಪುಟ್ಟ ಕುರ್ಚಿಯೊಂದರಲ್ಲಿ ಹೇಗೋ ತೂರಿಕೊಂಡು ಕೂತಳು. “ಪಟಾಕಿ, ಬೈಯಲ್ಲ ಕಣೇ, ಹೇಳು.”

“ಬೈದ್ಯಲ್ಲ ಆಗ್ಲೇ.”

“ತಪ್ಪಾಯ್ತು ತಾಯಿ.”

“ದಿನಾ ಅವನಿಗೇ ಕೆಂಪು ಕೊಡ್ತೀಯ. ನಂಗೂ ಬೇಕಿತ್ತು. ನಂದು ಪೂರ್ತಿ ತಿಂದು, ತಟ್ಟೆ ನೆಕ್ಕಿ, ಅವನಿಗೆ ಕೊಟ್ಟೆ. ಅವನು ಇದು ಕೊಟ್ಟ.”

“ಇದರಲ್ಲಿದ್ದದ್ದು ತಿಂದ್ಯಾ?”

ಪಟಾಕಿ ಮೂತಿ ಸೊಟ್ಟ ಮಾಡಿದಳು. “ಒಂದೇ ಚಮಚ. ಥೂ! ನಂದು ಘಮ್ಮಂತಿತ್ತು. ಅವನಿಗೆ ಮಾತ್ರ ಯಾಕಜ್ಜಿ ಸಪ್ಪೆ ಮಾಡ್ತೀಯ?”

ಅಜ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನದ ಹೆಮ್ಮೆ ಒಂದು ಚಮಚಕ್ಕೆ ನೆಲಕಚ್ಚಿತ್ತು. ಆದರೆ ಎರಡರ ರುಚಿಯನ್ನೂ ಬಲ್ಲವಳು ಇವಳೇ ಎಂದಮೇಲೆ ಬೆಣ್ಣೆಯದು ಇವಳ ಹೊಟ್ಟೆಯಲ್ಲೇ ಇದೆ.

“ನೀಲಿ ತಟ್ಟೇದು ನೀನೇನೂ ತಿನ್ನಲಿಲ್ವೇನೋ?”

ಇಲಿಮರಿ ತಲೆಯಾಡಿಸಿದ. “ಖಾಲಿ ಇತ್ತು.” ಸ್ವಲ್ಪ ತಡೆದು, “ಅಜ್ಜಿ, ಹಸಿವು.”

ಮಗುವಿನ ಮಾತು ನಂಬಿ ಕೂರುವ ಸಂಗತಿಯಲ್ಲ ಇದು. ಏದುಸಿರು ಬಿಡುತ್ತ ಬಂದ ತಾಯಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಎರಡು ಗಂಟೆ ಅವಳೂ ಅಜ್ಜಿಯೂ ಅದೇ ಎರಡು ತುಟಿಗಳನ್ನು ನೋಡುತ್ತ ಕೂತರು. ಏನೂ ಆಗಲಿಲ್ಲ.

“ಮನೇಲಿ ನಾನೂ ಎರಡು ಪಾತ್ರೆ ಇಡ್ತಿದ್ದೆ ಅಜ್ಜಿ,” ಎಂದಳು ತಾಯಿ ಏಳುವಾಗ. “ಆರು ತಿಂಗಳಲ್ಲಿ ಬಿಟ್ಬಿಟ್ಟೆ. ತಲೆ ಕೆಟ್ಟುಹೋಗತ್ತೆ.”

ಮರುದಿನ ಒಲೆಯ ಮೇಲೆ ದೊಡ್ಡ ಪಾತ್ರೆಯೊಂದೇ ಇತ್ತು.

“ಉಳಿದವರಿಗೆ ಹಾಲು, ಬೆಣ್ಣೆ ಬೇಡ್ವಾ?” ಮೇಡಂ ಕೇಳಿದರು.

“ಅದು ಮನೇಲಿ ಸಿಗತ್ತೆ ಮೇಡಂ. ಇಲ್ಲಿ ಬೇಳೆ ಜಾಸ್ತಿ ಹಾಕ್ತೀನಿ.”

ಸಪ್ಪೆ ಎನಿಸಬಾರದೆಂದು ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಬೆರೆಸಿದಳು. ಕೆಂಪು ತಟ್ಟೆಯನ್ನು ಪಟಾಕಿಯ ಮುಂದಿಟ್ಟಳು. ಪಟಾಕಿ ಒಂದು ಚಮಚ ಬಾಯಿಗಿಟ್ಟು, ದೊಡ್ಡವರ ಹಾಗೆ ಕಣ್ಣು ಮುಚ್ಚಿ ಯೋಚಿಸಿ, “ಪರ್ವಾಗಿಲ್ಲ” ಎಂದಳು.

ಅಜ್ಜಿಗೆ ಅದು ಕೇಳಿಸಿತೋ ಇಲ್ಲವೋ. ಅವಳ ಕಣ್ಣು ಇಲಿಮರಿಯ ತುಟಿಯ ಮೇಲೇ ಇತ್ತು.